ಕಿಟ್ ಹಾಕಿದಷ್ಟೂ ಸೋರಿದ ಕ್ಲಚ್: ಒಂದು ಹಳೆಯ ಕ್ವಾಲಿಸ್‌ನ ಪ್ರಕರಣ

ಕ್ಲಚ್ ಸಿಲಿಂಡರ್ ಸೋರಿತು ಅಂದರೆ ವಾಷರ್ ಕಿಟ್ (ಒಳಗಿನ ರಬ್ಬರ್ ಭಾಗಗಳ ಹೊಸ ಸೆಟ್) ಹಾಕಿ, ಏರ್ (ಪೈಪಿನಲ್ಲಿ ಸೇರಿದ ಗಾಳಿ) ತೆಗೆದು, ಗಾಡಿ ಕೊಡುವುದು ನಮ್ಮ ಕಡೆಯ ರೂಢಿ. ವಯಸ್ಸಾಗಿ ರಬ್ಬರ್ ಹೋಗಿದ್ದರೆ ಅಷ್ಟೇ ಸಾಕು. ಆದರೆ ಹೊಸ ಕಿಟ್ ಹಾಕಿದ ಸಿಲಿಂಡರ್ ಕೆಲವೇ ತಿಂಗಳಲ್ಲಿ ಮತ್ತೆ ಸೋರಿದರೆ, ಇನ್ನೊಂದು ಕಿಟ್ ತರುವ ಮುಂಚೆ ಸ್ವಲ್ಪ ನಿಲ್ಲಬೇಕು. ಎಲ್ಲಿ ಸೋರುತ್ತಿದೆ ಅನ್ನುವುದು ಕಣ್ಣಿಗೆ ಕಾಣುತ್ತದೆ. ಹೊಸ ರಬ್ಬರ್ ಇಷ್ಟು ಬೇಗ ಯಾಕೆ ಹಾಳಾಯಿತು ಅನ್ನುವುದನ್ನು ಹುಡುಕಬೇಕು. ಬೆಳಗಾವಿಯ ನಮ್ಮ ಗ್ಯಾರೇಜಿಗೆ ಬಂದ ಈ ಗಾಡಿಯಲ್ಲಿ ಹುಡುಕುವ ಕೆಲಸವೇ ಮುಖ್ಯವಾಗಿತ್ತು. ರಿಪೇರಿ ಸುಲಭ ಇತ್ತು.

ಗಾಡಿ ಮತ್ತು ದೂರು

ಗಾಡಿ 2003ರ ಟೊಯೊಟಾ ಕ್ವಾಲಿಸ್, 2.4 ಲೀಟರ್ ಡೀಸೆಲ್. ಮಾಲೀಕರು ಬೈಲಹೊಂಗಲ ಕಡೆಯ ನಿವೃತ್ತ ಹೈಸ್ಕೂಲ್ ಮಾಸ್ತರರು. ಮನೆಯಲ್ಲಿ ಹೊಲ ಇದೆ, ಟ್ರ್ಯಾಕ್ಟರ್ ಇದೆ, ಟ್ರ್ಯಾಕ್ಟರಿಗೆ ಒಬ್ಬ ಡ್ರೈವರ್ ಇದ್ದಾನೆ. ಕ್ವಾಲಿಸ್ ದಿನಾ ಓಡುವ ಗಾಡಿ ಅಲ್ಲ. ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ, ಬೀಗರ ಮನೆಗೆ, ಆಸ್ಪತ್ರೆಗೆ ಅಂತ ಹೊರಗೆ ಬರುತ್ತದೆ. ಉಳಿದ ದಿನ ಶೆಡ್ಡಿನಲ್ಲೇ ಇರುತ್ತದೆ.

ಇಂಥ ಗಾಡಿಯನ್ನು ಮಾರಿಬಿಡಿ ಅಂತ ನಾನು ಯಾರಿಗೂ ಹೇಳುವುದಿಲ್ಲ. ಬಿಡದಿಯಲ್ಲಿ ತಯಾರಾಗಿ 2000ದ ಜನವರಿಯಲ್ಲಿ ರಸ್ತೆಗೆ ಬಂದ ಗಾಡಿ ಇದು. 2005ರಲ್ಲಿ ಇನ್ನೋವಾ ಬಂದಾಗ ಇದರ ತಯಾರಿಕೆ ನಿಂತಿತು. ಆದರೆ ನಮ್ಮ ಜಿಲ್ಲೆಯ ರಸ್ತೆಗಳಲ್ಲಿ ಇವತ್ತಿಗೂ ಕಾಣುತ್ತದೆ. ಟೊಯೊಟಾ ಕಿರ್ಲೋಸ್ಕರ್ ಅನ್ನುವ ಕಂಪನಿಯ ಹೆಸರಿನಲ್ಲಿರುವ ಕಿರ್ಲೋಸ್ಕರ್ ಕೂಡ ನಮಗೆ ದೂರದ ಹೆಸರಲ್ಲ. ಲಕ್ಷ್ಮಣರಾವ್ ಕಿರ್ಲೋಸ್ಕರ್ ಹುಟ್ಟಿದ್ದು 1869ರಲ್ಲಿ, ಇದೇ ಜಿಲ್ಲೆಯ ಗುರ್ಲಹೊಸೂರಿನಲ್ಲಿ. 1888ರಲ್ಲಿ ಅವರು ಬೆಳಗಾವಿಯಲ್ಲಿ ಸೈಕಲ್ ಅಂಗಡಿ ತೆರೆದರು. ಊರಿನ ಕಿರ್ಲೋಸ್ಕರ್ ರಸ್ತೆಯಲ್ಲಿ ಹಾದುಹೋಗುವಾಗೆಲ್ಲ ನನಗೆ ಅದು ನೆನಪಾಗುತ್ತದೆ.

ದೂರು ವಿಚಿತ್ರವಾಗಿತ್ತು. ಮಾಸ್ತರರ ಮಾತಲ್ಲೇ ಹೇಳುತ್ತೇನೆ: "ತಮ್ಮಾ, ಮುಂಜಾನೆ ಪೆಡಲ್ ಕೆಳಗ ಹೋಗಿ ಅಲ್ಲೇ ಕುಂದರತೈತಿ. ಮಧ್ಯಾಹ್ನ ಘಾಟ್ ಏರೂಮುಂದ ನೋಡಿದ್ರ ಬಿಗಿ ಆಗಿರತೈತಿ. ಎಂಜಿನ್ ಒದರತೈತಿ, ಗಾಡಿ ಮಾತ್ರ ಎಳಿಯೂದಿಲ್ಲ. ಒಂದ ಗಾಡಿಗೆ ಎರಡ ರೋಗ ಹೆಂಗ?"

ಹಿಂದಿನ ಕಥೆ ಕೇಳಿದೆ. ಹೋದ ಮಳೆಗಾಲದಲ್ಲಿ ಮೊದಲ ಸಲ ಸೋರಿತ್ತು. ಒಂದು ಗ್ಯಾರೇಜಿನಲ್ಲಿ ಗೇರ್‌ಬಾಕ್ಸ್ ಕಡೆಯ ಸ್ಲೇವ್ ಸಿಲಿಂಡರಿಗೆ ಕಿಟ್ ಹಾಕಿಕೊಟ್ಟರು. ಚಳಿಗಾಲಕ್ಕೆ ಮತ್ತೆ ಸೋರಿತು, ಮತ್ತೆ ಕಿಟ್. ಆಮೇಲೆ ಪೆಡಲ್ ಕಡೆಯ ಮಾಸ್ಟರ್ ಸಿಲಿಂಡರಿಗೂ ಕಿಟ್. ಬೇಸಿಗೆಯಲ್ಲಿ ಈ ಎಳೆಯದಿರುವ ತೊಂದರೆ ಶುರುವಾಯಿತು. ಇನ್ನೊಂದು ಗ್ಯಾರೇಜಿನವರು ಕ್ಲಚ್ ಪ್ಲೇಟ್ ಸವೆದಿದೆ, ಗೇರ್‌ಬಾಕ್ಸ್ ಇಳಿಸಬೇಕು, ಪ್ಲೇಟು, ಪ್ರೆಶರ್ ಪ್ಲೇಟು, ಬೇರಿಂಗು ಎಲ್ಲಾ ಹೊಸದು ಹಾಕಬೇಕು ಅಂದರು. ಅಷ್ಟು ಖರ್ಚಿಗೆ ಮುಂಚೆ ಇನ್ನೊಬ್ಬರ ಕಣ್ಣಿಗೆ ಬೀಳಲಿ ಅಂತ ಮಾಸ್ತರರು ಗಾಡಿ ತಂದಿದ್ದರು.

ಕೆಲಸ ಮಾಡುವ ಬಗೆ

ಕೇಬಲ್ ಕ್ಲಚ್ ನೋಡಿ ರೂಢಿಯಾದವರಿಗೆ ಒಂದು ಮಾತು. ಇಲ್ಲಿ ಪೆಡಲ್ ಒತ್ತಿದರೆ ಒಂದು ರಾಡ್ ಮಾಸ್ಟರ್ ಸಿಲಿಂಡರಿನ ಪಿಸ್ಟನ್ ತಳ್ಳುತ್ತದೆ. ಅದರಲ್ಲಿರುವ ಬ್ರೇಕ್ ಆಯಿಲ್ ಪೈಪಿನಲ್ಲಿ ಹಾದು, ರಬ್ಬರ್ ಹೋಸ್ ದಾಟಿ, ಗೇರ್‌ಬಾಕ್ಸ್ ಪಕ್ಕದ ಸ್ಲೇವ್ ಸಿಲಿಂಡರಿಗೆ ಹೋಗುತ್ತದೆ. ಸ್ಲೇವ್‌ನ ಪಿಸ್ಟನ್ ಹೊರಗೆ ಬಂದು ಫೋರ್ಕ್ ತಳ್ಳುತ್ತದೆ, ಫೋರ್ಕ್ ಬೇರಿಂಗನ್ನು ತಳ್ಳುತ್ತದೆ, ಕ್ಲಚ್ ಬಿಡುತ್ತದೆ, ಅಂದರೆ ಎಂಜಿನ್ನಿಗೂ ಗೇರ್‌ಬಾಕ್ಸಿಗೂ ಸಂಪರ್ಕ ತಪ್ಪುತ್ತದೆ. ಕಾಲು ಎತ್ತಿದರೆ ಪ್ರೆಶರ್ ಪ್ಲೇಟಿನ ಸ್ಪ್ರಿಂಗ್ ಎಲ್ಲವನ್ನೂ ಹಿಂದಕ್ಕೆ ತಳ್ಳುತ್ತದೆ, ಆಯಿಲ್ ವಾಪಸ್ ಮಾಸ್ಟರಿಗೆ ಬರುತ್ತದೆ.

ಮಾಸ್ಟರ್‌ನಲ್ಲಿ ಇನ್ನೊಂದು ಸಣ್ಣ ವಿಷಯ ಇದೆ. ಈ ಪ್ರಕರಣದ ಕೀಲಿಯೇ ಅದು. ಪಿಸ್ಟನ್ ಪೂರ್ತಿ ಹಿಂದೆ ಬಂದಾಗ ಮುಂದಿನ ರಬ್ಬರ್ ಕಪ್ಪಿನ (ಆಯಿಲ್ ತಡೆಯುವ ಬಟ್ಟಲಿನಾಕಾರದ ಸೀಲ್) ತುಟಿ ಒಂದು ಸಣ್ಣ ತೂತನ್ನು ತೆರೆದಿಡುತ್ತದೆ. ಆ ತೂತಿಗೂ ಆಯಿಲ್ ತುಂಬುವ ಮೇಲಿನ ಡಬ್ಬಿಗೂ ಸಂಪರ್ಕ. ಆಯಿಲ್ ಬಿಸಿಯಾಗಿ ಹಿಗ್ಗಿದರೆ ಅಲ್ಲಿಂದ ಡಬ್ಬಿಗೆ ಹೋಗುತ್ತದೆ, ಪ್ಲೇಟ್ ಸವೆದಂತೆ ಹೆಚ್ಚಾದ ಆಯಿಲ್ ಕೂಡ ಅಲ್ಲಿಂದಲೇ ಹೋಗುತ್ತದೆ. ಪೆಡಲ್ ಒತ್ತಿದ ಕೂಡಲೇ ಕಪ್ ಆ ತೂತನ್ನು ಮುಚ್ಚಿ ಒತ್ತಡ ಕಟ್ಟುತ್ತದೆ. ಒಂದು ಮಿಲಿಮೀಟರಿಗಿಂತ ಸಣ್ಣ ತೂತು ಅದು. ಕಪ್ಪಿನ ಅಳತೆ ಸ್ವಲ್ಪ ತಪ್ಪಿದರೂ ಅದು ಸದಾ ಮುಚ್ಚಿಯೇ ಇರುತ್ತದೆ.

ತಣ್ಣಗಿದ್ದಾಗ ನೋಡಿದ್ದು

ಗಾಡಿಯನ್ನು ರಾತ್ರಿ ನಿಲ್ಲಿಸಿಕೊಂಡು ಬೆಳಿಗ್ಗೆ ತಣ್ಣಗಿರುವಾಗ ಕೈ ಹಾಕಿದೆವು. ಕ್ಲಚ್ಚಿನ ಡಬ್ಬಿಯಲ್ಲಿ ಆಯಿಲ್ ಕೆಳಗಿನ ಗೆರೆಗಿಂತ ಕೆಳಗಿತ್ತು. ಮಟ್ಟ ಇಳಿದಿದೆ ಅಂದರೆ ಹೊರಗೆ ಸೋರಿದೆ. ಮಟ್ಟ ಸರಿ ಇದ್ದೂ ಪೆಡಲ್ ಕುಸಿದರೆ ಮಾಸ್ಟರ್ ಒಳಗೇ ಕಪ್ ದಾಟಿ ಹೋಗುತ್ತಿರಬಹುದು, ಇಲ್ಲವೇ ಏರ್ ಇರಬಹುದು. ಮೊದಲು ಈ ಎರಡನ್ನು ಬೇರೆ ಮಾಡಿಕೊಂಡರೆ ಅರ್ಧ ಕೆಲಸ ಮುಗಿದಂತೆ.

ಆಯಿಲ್ ಬಣ್ಣ ಕಪ್ಪು. ಬೆರಳಲ್ಲಿ ಉಜ್ಜಿದರೆ ಮಸಿಯ ಹಾಗೆ ರಬ್ಬರಿನ ಪುಡಿ. ಡಬ್ಬಿಯ ಮುಚ್ಚಳದ ಒಳಗಿನ ರಬ್ಬರ್ ಅಲೆಅಲೆಯಾಗಿ ಸೊಟ್ಟಗಾಗಿತ್ತು, ತನ್ನ ಜಾಗದಲ್ಲಿ ಕೂರುತ್ತಿರಲಿಲ್ಲ. ಇದನ್ನು ನಾನು ಆಗಲೇ ಗುರುತು ಮಾಡಿಕೊಂಡೆ. ಮುಚ್ಚಳದ ರಬ್ಬರಿನ ಮೇಲೆ ಒತ್ತಡ ಇಲ್ಲ, ಉಜ್ಜಾಟ ಇಲ್ಲ. ಅದು ಯಾಕೆ ಹಿಗ್ಗಬೇಕು?

ಆಮೇಲೆ ಸೋರುವ ಜಾಗ. ಡ್ರೈವರ್ ಸೀಟಿನ ಮುಂದೆ ಬಗ್ಗಿ, ಪೆಡಲ್ ರಾಡ್ ಮಾಸ್ಟರಿಗೆ ಸೇರುವಲ್ಲಿ ಬಿಳಿ ಬಟ್ಟೆ ಒತ್ತಿ ನೋಡಿದೆವು. ಸ್ವಲ್ಪ ಒದ್ದೆ. ಅಲ್ಲಿನ ಪೇಂಟ್ ಗುಳ್ಳೆ ಎದ್ದಿತ್ತು. ಬ್ರೇಕ್ ಆಯಿಲ್ ಪೇಂಟ್ ತಿನ್ನುತ್ತದೆ, ಹಾಗಾಗಿ ಗುಳ್ಳೆ ಎದ್ದಿದ್ದರೆ ಸೋರಿಕೆ ಹಳೆಯದು ಅಂತ ಅರ್ಥ. ಗಾಡಿ ಎತ್ತಿ ಸ್ಟ್ಯಾಂಡ್ ಕೊಟ್ಟು ಕೆಳಗೆ ಹೋದೆವು. ಸ್ಲೇವ್‌ನ ಧೂಳು ತಡೆಯುವ ರಬ್ಬರ್ ಬೂಟ್ ಅಂಚು ಎತ್ತಿದಾಗ ಆಯಿಲ್ ಸುರಿಯಿತು. ಬೂಟಿನೊಳಗೆ ಬರೀ ತೇವ ಇದ್ದರೆ ನಾನು ಗಾಬರಿಯಾಗುವುದಿಲ್ಲ. ಸುರಿದರೆ ಕಪ್ ಹೋಗಿದೆ ಅಂತಲೇ.

ಗೇರ್‌ಬಾಕ್ಸ್ ಮತ್ತು ಎಂಜಿನ್ ಸೇರುವ ಜಾಗದ ಕೆಳಗೂ ನೋಡಬೇಕು. ಅಲ್ಲಿ ಎಣ್ಣೆ ಇಳಿದಿದ್ದರೆ ಕ್ಲಚ್ ಜಾರುವುದಕ್ಕೆ ಬೇರೆಯೇ ಕಾರಣ ಇರಬಹುದು. ಎಂಜಿನ್ ಆಯಿಲ್ ಕರ್ರಗೆ ಇರುತ್ತದೆ, ಗೇರ್ ಆಯಿಲ್ ಮಂದವಾಗಿದ್ದು ಗಂಧಕದ ವಾಸನೆ ಬರುತ್ತದೆ. ಬ್ರೇಕ್ ಆಯಿಲ್ ತೆಳ್ಳಗೆ, ನೀರು ಹಾಕಿದರೆ ತೊಳೆದುಹೋಗುತ್ತದೆ. ಇಲ್ಲಿ ಆ ಜಾಗ ಒಣಗಿತ್ತು. ಹೋಸ್ ಮೇಲೆ ಕೈ ಇಟ್ಟುಕೊಂಡು ಹುಡುಗನಿಗೆ ಪೆಡಲ್ ಒತ್ತಲು ಹೇಳಿದೆ. ಕೈಗೆ ಹೋಸ್ ಉಬ್ಬುವುದು ತಿಳಿಯಿತು. ಒಳ್ಳೆಯ ಹೋಸ್ ಅಷ್ಟು ಉಬ್ಬುವುದಿಲ್ಲ.

ಪೆಡಲಿನ ನಡವಳಿಕೆ ಇನ್ನೂ ಸ್ಪಷ್ಟವಾಗಿ ಮಾತಾಡಿತು. ಜೋರಾಗಿ ಒತ್ತಿದರೆ ಕ್ಲಚ್ ಬಿಡುತ್ತಿತ್ತು. ನಿಧಾನಕ್ಕೆ ಒತ್ತಿದರೆ ಕೆಳಗಿನವರೆಗೂ ಸುಮ್ನೆ ಇಳಿಯುತ್ತಿತ್ತು, ಸ್ಲೇವ್ ರಾಡ್ ಅಲ್ಲಾಡುತ್ತಲೇ ಇರಲಿಲ್ಲ. ಕಪ್ಪಿನ ತುಟಿ ಆಯಿಲ್‌ನ ಒತ್ತಡದಿಂದಲೇ ಗೋಡೆಗೆ ಅಂಟಿಕೊಳ್ಳುವಂಥದ್ದು. ತುಟಿ ಮೆತ್ತಗಾಗಿದ್ದರೆ ನಿಧಾನದ ಒತ್ತಿನಲ್ಲಿ ಅದು ಅಂಟುವ ಮುಂಚೆಯೇ ಆಯಿಲ್ ಪಕ್ಕದಲ್ಲಿ ನುಸುಳಿಬಿಡುತ್ತದೆ. ಅಂದರೆ ಮಾಸ್ಟರ್ ಒಳಗೂ ಸೋರಿಕೆ ಇದೆ.

ಸೋರಿಕೆ ಇಷ್ಟು ಸಣ್ಣದಾದರೂ ಕ್ಲಚ್ ಯಾಕೆ ಹೀಗೆ ಹಟ ಮಾಡುತ್ತದೆ ಅಂತ ಮಾಸ್ತರರು ಕೇಳಿದರು. ಲೆಕ್ಕ ಹಾಕಿ ತೋರಿಸಿದೆ. ಸ್ಲೇವ್ ಒಳಗಿನ ವ್ಯಾಸ ಸುಮಾರು 20 ಮಿ.ಮೀ. ಅಂದುಕೊಳ್ಳಿ. ಅದರ ಅಡ್ಡಗೆರೆಯ ವಿಸ್ತೀರ್ಣ 314 ಚದರ ಮಿ.ಮೀ. ಒಂದೇ ಒಂದು ಮಿಲಿಲೀಟರ್ ಆಯಿಲ್ ತಪ್ಪಿಸಿಕೊಂಡರೆ ಪಿಸ್ಟನ್ 3 ಮಿ.ಮೀ.ಗಿಂತ ಜಾಸ್ತಿ ಹಿಂದೆ ಉಳಿಯುತ್ತದೆ. ಸ್ಲೇವ್ ಚಲಿಸುವುದೇ ಒಟ್ಟು ಹತ್ತು ಹದಿನೈದು ಮಿ.ಮೀ. ಅದರಲ್ಲಿ 3 ಹೋದರೆ ರಿವರ್ಸ್ ಗೇರ್ ಕಿರ್ರನ್ನದೆ ಬೀಳುವುದಿಲ್ಲ. ಬ್ರೇಕಿಗಿಂತ ಕ್ಲಚ್ಚಿಗೆ ಏರ್ ಮತ್ತು ಸೋರಿಕೆ ಬೇಗ ತಟ್ಟುವುದು ಇದಕ್ಕೇ. ಮಾಸ್ತರರು ಗಣಿತ ಕಲಿಸಿದವರು, ತಲೆಯಾಡಿಸಿದರು.

ಬಿಸಿಯಾದಾಗ ನೋಡಿದ್ದು

ಇಷ್ಟರಲ್ಲಿ ಬೆಳಗಿನ ರೋಗ ಸಿಕ್ಕಿತ್ತು. ಮಧ್ಯಾಹ್ನದ್ದು ಉಳಿದಿತ್ತು. ಡಬ್ಬಿ ತುಂಬಿಸಿ, ತಾತ್ಕಾಲಿಕವಾಗಿ ಏರ್ ತೆಗೆದು, ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಕಾಕತಿ ದಾಟಿ ವಂಟಮುರಿ ಘಾಟಿನ ಕಡೆ ಓಡಿಸಿದೆವು. ಏರಿನಲ್ಲಿ ಮಾಸ್ತರರು ಹೇಳಿದ್ದು ನಡೆಯಿತು. ಪೆಡಲಿನ ಸಡಿಲ ಪೂರ್ತಿ ಮಾಯ, ಎಂಜಿನ್ ಸುತ್ತು ಏರುತ್ತದೆ, ವೇಗ ಏರುವುದಿಲ್ಲ.

ಇಲ್ಲಿ ಗೇರ್‌ಬಾಕ್ಸ್ ಇಳಿಸುವ ಮಾತಿಗೆ ಹೋಗುವ ಮುಂಚೆ ಒಂದು ಪರೀಕ್ಷೆ ಇದೆ. ದಯವಿಟ್ಟು ಎಲ್ಲಾ ಮಿಸ್ತ್ರಿಗಳೂ ಇದನ್ನು ಮಾಡಿ. ಗಾಡಿಯನ್ನು ರಸ್ತೆಯಿಂದ ದೂರ ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಎಂಜಿನ್ ಆರಿಸಿ, ಚಕ್ರಕ್ಕೆ ಕಲ್ಲು ಕೊಡಿ. ಕನ್ನಡಕ ಹಾಕಿಕೊಂಡು, ಸ್ಲೇವ್‌ನ ಬ್ಲೀಡರ್ ನಿಪ್ಪಲ್ಲಿಗೆ (ಏರ್ ತೆಗೆಯುವ ಸ್ಕ್ರೂ) ಪೈಪ್ ಸಿಕ್ಕಿಸಿ, ಅರ್ಧ ಸುತ್ತು ತೆರೆಯಿರಿ. ಪೆಡಲ್ ಮೇಲೆ ಯಾರ ಕಾಲೂ ಇರಬಾರದು. ಸರಿ ಇರುವ ಕ್ಲಚ್ಚಿನಲ್ಲಿ ಆಯಿಲ್ ಮೆಲ್ಲಗೆ ತೊಟ್ಟಿಕ್ಕುತ್ತದೆ, ಅಷ್ಟೇ. ಇಲ್ಲಿ ಚಿಮ್ಮಿತು. ಫೋರ್ಕ್ ಕೂಡ ಕಣ್ಣೆದುರೇ ಹಿಂದೆ ಸರಿಯಿತು. ನಿಪ್ಪಲ್ ಬಿಗಿ ಮಾಡಿ ಮತ್ತೆ ಏರಿಗೆ ಬಿಟ್ಟರೆ ಗಾಡಿ ಹೊಸದರ ಹಾಗೆ ಎಳೆಯಿತು.

ಅಂದರೆ ಪ್ಲೇಟ್ ಜಾರುತ್ತಿದ್ದದ್ದು ಸವೆದು ಅಲ್ಲ. ಯಾರೂ ಕಾಲಿಡದಿದ್ದರೂ ಪೈಪಿನಲ್ಲಿ ಸಿಕ್ಕಿಬಿದ್ದ ಒತ್ತಡ ಅದನ್ನು ಅರ್ಧ ಬಿಡಿಸಿಟ್ಟಿತ್ತು. ಆಯಿಲ್ ಬಿಸಿಯಾಗಿ ಹಿಗ್ಗುತ್ತಿತ್ತು, ಡಬ್ಬಿಗೆ ವಾಪಸ್ ಹೋಗುವ ದಾರಿ ಮುಚ್ಚಿತ್ತು.

ಆ ದಾರಿ ಮುಚ್ಚುವುದಕ್ಕೆ ಎರಡು ಕಾರಣ ಇರಬಹುದು. ಪೆಡಲ್ ರಾಡಿನ ಅಳತೆ ತಪ್ಪಿ ಅದು ಪಿಸ್ಟನ್ನನ್ನು ಸದಾ ಸ್ವಲ್ಪ ಒತ್ತಿಹಿಡಿದಿರಬಹುದು. ಇಲ್ಲವೇ ಕಪ್ ತಾನೇ ಉಬ್ಬಿ ತೂತಿನ ಮೇಲೆ ಕೂತಿರಬಹುದು. ರಾಡ್ ನೋಡಿದೆ. ಪೆಡಲನ್ನು ಬೆರಳಲ್ಲಿ ಒತ್ತಿದರೆ ರಾಡ್ ಪಿಸ್ಟನ್ ಮುಟ್ಟುವ ಮುಂಚೆ ಕೆಲವು ಮಿಲಿಮೀಟರ್ ಸಡಿಲ ಇತ್ತು. ರಾಡ್ ಸರಿ. ಹಾಗಾದರೆ ಕಪ್ಪೇ. ಬೆಳಗಿನ ರೋಗಕ್ಕೂ ಮಧ್ಯಾಹ್ನದ ರೋಗಕ್ಕೂ ಮೂಲ ಒಂದೇ. ಉಬ್ಬಿ ಮೆತ್ತಗಾದ ರಬ್ಬರ್ ತಣ್ಣಗಿದ್ದಾಗ ಸೋರುತ್ತಿತ್ತು, ಬಿಸಿಯಾದಾಗ ದಾರಿ ಕಟ್ಟುತ್ತಿತ್ತು. ಮುಚ್ಚಳದ ರಬ್ಬರ್, ಉಬ್ಬುವ ಹೋಸ್, ಎಲ್ಲಾ ಒಂದೇ ಕಡೆ ಬೆರಳು ತೋರಿಸುತ್ತಿದ್ದವು.

ಲೋಟದ ಪರೀಕ್ಷೆ

ಬ್ರೇಕ್ ಆಯಿಲ್ ಅಂತ ನಾವು ಕರೆಯುವುದು ನಿಜವಾಗಿ ಎಣ್ಣೆ ಅಲ್ಲ. ಅದರ ದರ್ಜೆಗಳಾದ ಡಾಟ್ 3, ಡಾಟ್ 4 ಎರಡೂ ಗ್ಲೈಕಾಲ್ ಜಾತಿಯ ದ್ರವಗಳು, ನೀರಿನಲ್ಲಿ ಬೆರೆಯುತ್ತವೆ. ಪರೀಕ್ಷೆ ಇದರ ಮೇಲೇ ನಿಂತಿದೆ. ಎರಡು ಗಾಜಿನ ಲೋಟದಲ್ಲಿ ನೀರು ತೆಗೆದುಕೊಂಡೆವು. ಒಂದಕ್ಕೆ ಸೀಲ್ ಒಡೆದ ಹೊಸ ಡಬ್ಬಿಯಿಂದ, ಇನ್ನೊಂದಕ್ಕೆ ಸ್ಲೇವ್‌ನಿಂದ ಮೊದಲೇ ತೆಗೆದಿಟ್ಟಿದ್ದ ಆಯಿಲ್ ಹಾಕಿ ಕದಡಿ ಇಟ್ಟೆವು. ಹೊಸದು ನೀರಲ್ಲಿ ಬೆರೆತು ಒಂದಾಯಿತು. ಇನ್ನೊಂದರಲ್ಲಿ ಮೇಲೆ ಎಣ್ಣೆಯ ಪದರ ತೇಲಿತು, ಬಿಸಿಲಿಗೆ ಹಿಡಿದರೆ ಬಣ್ಣ ಬಣ್ಣವಾಗಿ ಕಾಣುತ್ತಿತ್ತು.

ಮಾಸ್ತರರು ಅಲ್ಲಿಂದಲೇ ಡ್ರೈವರಿಗೆ ಫೋನ್ ಹಚ್ಚಿ ನನ್ನ ಕೈಗೆ ಕೊಟ್ಟರು. ಹುಡುಗ ಮುಚ್ಚುಮರೆ ಮಾಡಲಿಲ್ಲ. "ಹೌದ್ರೀ ಅಣ್ಣಾರ, ಮೊದಲ ಸಲ ಸೋರಿದಾಗ ಡಬ್ಬಿ ಖಾಲಿ ಆಗಿತ್ತು. ಯಜಮಾನ್ರಿಗೆ ದವಾಖಾನಿಗೆ ಹೋಗೂದಿತ್ತು. ಮನ್ಯಾಗ ಟ್ರ್ಯಾಕ್ಟರಿನ ಹೈಡ್ರಾಲಿಕ್ ಆಯಿಲ್ ಇತ್ತು, ಅದನ್ನ ಹಾಕೀನಿ. ಗಾಡಿ ಹೋತು ಬಂತು."

ಆ ಹೊತ್ತಿಗೆ ಅವನು ಮಾಡಿದ್ದು ಮನೆಯವರ ಒಳ್ಳೆಯದಕ್ಕೇ. ಗಾಡಿ ಅವತ್ತು ನಿಜವಾಗಿಯೂ ಓಡಿದೆ. ಹಾನಿ ಕಾಣುವುದು ಆಮೇಲೆ. ಟ್ರ್ಯಾಕ್ಟರಿನ ಆಯಿಲ್ ಪೆಟ್ರೋಲಿಯಂನಿಂದ ಬಂದದ್ದು. ಕ್ಲಚ್ ಮತ್ತು ಬ್ರೇಕಿನ ಕಪ್ಪುಗಳು ಸಾಮಾನ್ಯವಾಗಿ ಇಪಿಡಿಎಂ ಅಥವಾ ಎಸ್‌ಬಿಆರ್ ಅನ್ನುವ ರಬ್ಬರ್. ಗ್ಲೈಕಾಲಿನಲ್ಲಿ ಅವು ವರ್ಷಗಟ್ಟಲೆ ಇರುತ್ತವೆ. ಪೆಟ್ರೋಲಿಯಂ ಎಣ್ಣೆ ಸಿಕ್ಕರೆ ಅದನ್ನು ಹೀರಿಕೊಂಡು ನೆನೆಹಾಕಿದ ಕಡಲೆಯ ಹಾಗೆ ಉಬ್ಬುತ್ತವೆ, ಗಟ್ಟಿತನ ಕಳೆದುಕೊಳ್ಳುತ್ತವೆ.

ಕಿಟ್ ಮೇಲೆ ಕಿಟ್ ಹಾಕಿದರೂ ಯಾಕೆ ಸರಿಯಾಗಲಿಲ್ಲ ಅನ್ನುವುದಕ್ಕೂ ಉತ್ತರ ಇದೇ. ಕಪ್ ಹೊಸದಾಯಿತು, ಆದರೆ ಪೈಪಿನಲ್ಲಿ, ಹೋಸಿನ ಒಳಗಿನ ರಬ್ಬರಿನಲ್ಲಿ, ಡಬ್ಬಿಯ ತಳದಲ್ಲಿ ಹಳೆಯ ಎಣ್ಣೆ ಉಳಿದೇ ಇತ್ತು. ಪ್ರತಿ ಹೊಸ ಕಪ್ಪೂ ಅದನ್ನೇ ಕುಡಿಯಿತು. ಕಿಟ್ ಕಳಪೆ ಅಂತ ಅಂಗಡಿಯವರನ್ನು ಬೈದು ಉಪಯೋಗ ಇಲ್ಲ.

ಮಾಸ್ತರರಿಗೆ ಕಣ್ಣಾರೆ ಕಾಣಲಿ ಅಂತ ಹೊಸ ಕಿಟ್ಟಿನ ಎರಡು ಕಪ್ಪುಗಳನ್ನು ಎರಡು ಶೀಶೆಯಲ್ಲಿ ಹಾಕಿಟ್ಟೆ, ಒಂದು ಬ್ರೇಕ್ ಆಯಿಲ್‌ನಲ್ಲಿ, ಒಂದು ಹೈಡ್ರಾಲಿಕ್ ಆಯಿಲ್‌ನಲ್ಲಿ. ಅವರು ಮತ್ತೆ ಬಂದಾಗ ಎರಡನ್ನೂ ಪಕ್ಕದಲ್ಲಿಟ್ಟು ತೋರಿಸಿದೆ. ವರ್ನಿಯರ್ ಬೇಕಾಗಲಿಲ್ಲ, ಬರಿಗಣ್ಣಿಗೇ ಗೊತ್ತಾಗುತ್ತಿತ್ತು.

ಆಗ ಅವರು ಕೇಳಿದ ಪ್ರಶ್ನೆ ಬೆಳಗಾವಿಯವರು ಮಾತ್ರ ಕೇಳಬಹುದಾದದ್ದು: "ಹಂಗಾರ ಉದ್ಯಮಬಾಗದಾಗ ಎಣ್ಣಿ ತಡಕೊಳ್ಳೋ ಛಲೋ ಸೀಲ್ ಸಿಗತಾವಲ್ಲ, ಪ್ರೆಸ್ಸಿಗೆ ಹಾಕೂವು. ಅವನ್ನ ಹಾಕಿದ್ರ?" ನಮ್ಮ ಊರು ಫೌಂಡ್ರಿಗೂ ಹೈಡ್ರಾಲಿಕ್ ಪಂಪು, ವಾಲ್ವುಗಳಿಗೂ ಹೆಸರಾದದ್ದು. ಉದ್ಯಮಬಾಗ, ಮಚ್ಛೆಯ ಕಾರ್ಖಾನೆಗಳ ಕಡೆ ಹೋದರೆ ಎಂಥ ಅಳತೆಯ ಸೀಲ್ ಕೂಡ ಸಿಗುತ್ತದೆ. ಗುಣಮಟ್ಟದಲ್ಲೂ ಕಡಿಮೆ ಇಲ್ಲ. ಆದರೆ ಅಲ್ಲಿ ಜಾಸ್ತಿ ಬಳಸುವುದು ನೈಟ್ರೈಲ್ ರಬ್ಬರ್. ಅದರ ಸ್ವಭಾವ ಪೂರ್ತಿ ಉಲ್ಟಾ. ಪೆಟ್ರೋಲಿಯಂ ಎಣ್ಣೆಯಲ್ಲಿ ಚೆನ್ನಾಗಿ ಬಾಳುತ್ತದೆ, ಗ್ಲೈಕಾಲ್ ಬ್ರೇಕ್ ಆಯಿಲ್‌ನಲ್ಲಿ ಉಬ್ಬಿ ಮೆತ್ತಗಾಗುತ್ತದೆ. ಪ್ರೆಸ್ಸಿಗೆ ಅದೇ ಸರಿ, ಕ್ಲಚ್ಚಿಗೆ ಅದೇ ತಪ್ಪು. ಅಳತೆ ಹೊಂದಿತು ಅಂತ ಸೀಲ್ ಹಾಕಬಾರದು. ಯಾವ ದ್ರವಕ್ಕೆ ಯಾವ ರಬ್ಬರ್ ಅಂತ ಮೊದಲು ಕೇಳಬೇಕು.

ಇನ್ನೊಂದು ಕೆಲಸ ತಕ್ಷಣ ಮಾಡಿದೆವು. ಕ್ಲಚ್ಚಿನ ಡಬ್ಬಿಗೆ ಟ್ರ್ಯಾಕ್ಟರ್ ಆಯಿಲ್ ಬಿದ್ದಿದೆ ಅಂದರೆ ಬ್ರೇಕಿನ ಡಬ್ಬಿಗೂ ಬಿದ್ದಿರಬಹುದಲ್ವಾ? ಈ ಗಾಡಿಯಲ್ಲಿ ಎರಡಕ್ಕೂ ಬೇರೆ ಬೇರೆ ಡಬ್ಬಿ. ಬ್ರೇಕ್ ಡಬ್ಬಿಯಿಂದ ತೆಗೆದು ಲೋಟದಲ್ಲಿ ನೋಡಿದೆವು. ಪೂರ್ತಿ ಬೆರೆಯಿತು, ಎಣ್ಣೆ ಇಲ್ಲ. ಮುಚ್ಚಳದ ರಬ್ಬರ್ ಕೂಡ ಚೆನ್ನಾಗಿತ್ತು. ಇಲ್ಲದಿದ್ದರೆ ಗಾಡಿಯನ್ನು ನಾನು ಗ್ಯಾರೇಜಿನಿಂದ ಹೊರಗೆ ಬಿಡುತ್ತಿರಲಿಲ್ಲ. ಕ್ಲಚ್ ಕೈಕೊಟ್ಟರೆ ದಾರಿಯಲ್ಲಿ ನಿಲ್ಲುತ್ತೀರಿ. ಬ್ರೇಕ್ ಹಾಗಲ್ಲ. ಕೆಲವು ಗಾಡಿಗಳಲ್ಲಿ ಎರಡಕ್ಕೂ ಒಂದೇ ಡಬ್ಬಿ ಇರುತ್ತದೆ, ಅಂಥದ್ದರಲ್ಲಿ ಈ ತಪ್ಪಾದರೆ ಬ್ರೇಕಿನ ಎಲ್ಲಾ ರಬ್ಬರ್ ಬದಲಿಸಲೇಬೇಕು.

ರಿಪೇರಿ

ನಿರ್ಧಾರ ಸರಳ: ಆ ಎಣ್ಣೆ ಮುಟ್ಟಿದ ಯಾವ ರಬ್ಬರನ್ನೂ ಉಳಿಸುವುದಿಲ್ಲ. ಮಾಸ್ಟರ್, ಸ್ಲೇವ್, ಹೋಸ್, ಮುಚ್ಚಳ, ಡಬ್ಬಿ. ಉಳಿಯುವುದು ಲೋಹದ ಪೈಪ್ ಮಾತ್ರ.

ಸ್ಲೇವ್ ಬಿಚ್ಚಿದಾಗ ಮೊದಲ ಸೋರಿಕೆಯ ಕಾರಣವೂ ಸಿಕ್ಕಿತು. ಸಿಲಿಂಡರಿನ ಒಳಗೋಡೆಯಲ್ಲಿ, ಪಿಸ್ಟನ್ ನಿಂತಿರುವ ಜಾಗದಲ್ಲಿ ತುಕ್ಕಿನ ಗುಳಿಗಳಿದ್ದವು. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಸ್ಲೇವ್ ಇಡೀ ಸಾಲಿನಲ್ಲೇ ಕೆಳಗಿರುವ ಭಾಗ. ಗಾಡಿ ಮಳೆಗಾಲ ಪೂರ್ತಿ ಅಲ್ಲಾಡದೆ ನಿಂತರೆ ಕಪ್ ಒಂದೇ ಜಾಗದಲ್ಲಿ ಕೂತಿರುತ್ತದೆ, ತುಕ್ಕು ಅಲ್ಲೇ ಹಿಡಿಯುತ್ತದೆ. ಬರೀ ಕಲೆ ಇದ್ದರೆ ನಯವಾದ ಎಮರಿ ಪೇಪರಿನಲ್ಲಿ ಬ್ರೇಕ್ ಆಯಿಲ್ ಹಚ್ಚಿ ಒರೆಸಬಹುದು. ಉಗುರಿಗೆ ತಡೆಯುವ ಗುಳಿ ಇದ್ದರೆ ಉಜ್ಜುತ್ತಾ ಕೂರಬಾರದು. ವ್ಯಾಸ ಜಾಸ್ತಿಯಾಗಿ ಹೊಸ ಕಪ್ ಕೂಡ ಹಿಡಿಯುವುದಿಲ್ಲ. ಪೂರ್ತಿ ಸಿಲಿಂಡರ್ ತರಿಸಿದೆವು. ಮಾಸ್ಟರಿನ ಗೋಡೆ ಚೆನ್ನಾಗಿತ್ತು, ಕಿಟ್ಟಿನಲ್ಲೇ ಮುಗಿಸಬಹುದಿತ್ತು. ಆದರೆ ಇಷ್ಟು ಸಲ ಬಿಚ್ಚಿ ಹಾಕಿದ ಮೇಲೆ ಅದರ ತೂತುಗಳ ಬಾಯಲ್ಲಿ ಎಣ್ಣೆ ಉಳಿದಿಲ್ಲ ಅಂತ ನಾನು ಮಾತು ಕೊಡಲಾರೆ. ಅದನ್ನೂ ಹೊಸದು ಹಾಕಲು ಹೇಳಿದೆ. ಮಾಸ್ತರರು ಒಪ್ಪಿದರು. ಗೇರ್‌ಬಾಕ್ಸ್ ಇಳಿಸುವ ಖರ್ಚಿನ ಮುಂದೆ ಇದು ಸಣ್ಣದೇ.

ಪೈಪಿನ ನಟ್ಟುಗಳನ್ನು ಸಾಮಾನ್ಯ ಪಾನಾದಿಂದ ಬಿಚ್ಚಬೇಡಿ. ಮೆತ್ತಗಿನ ನಟ್, ಮೂಲೆ ಸವೆದು ದುಂಡಗಾದರೆ ಪೈಪನ್ನೇ ಕತ್ತರಿಸಬೇಕಾಗುತ್ತದೆ. ಬಾಯಿ ತೆರೆದ ರಿಂಗ್‌ನಂತಿರುವ ಪೈಪ್ ಪಾನಾ ಸಿಗುತ್ತದೆ, ಅದನ್ನೇ ಬಳಸಿ.

ತೊಳೆಯುವುದರ ಬಗ್ಗೆ ನನಗೆ ಹೇಳಲೇಬೇಕಾದ ಮಾತಿದೆ. ನಮ್ಮಲ್ಲಿ ಏನು ಬಿಚ್ಚಿದರೂ ಡೀಸೆಲ್ ಅಥವಾ ಸೀಮೆಎಣ್ಣೆಯ ಟ್ರೇಗೆ ಹಾಕುತ್ತೇವೆ. ಎಂಜಿನ್, ಗೇರ್‌ಬಾಕ್ಸಿಗೆ ಸರಿ. ಬ್ರೇಕ್ ಮತ್ತು ಕ್ಲಚ್ ಸಿಲಿಂಡರಿಗೆ ಅದು ಅದೇ ಪೆಟ್ರೋಲಿಯಂ ವಿಷ. ಮೂಲೆಯಲ್ಲಿ ಉಳಿದ ಸ್ವಲ್ಪ ಡೀಸೆಲ್ ಸಾಕು, ಹೊಸ ಕಪ್ಪಿನ ಆಯಸ್ಸು ಕಡಿಮೆಯಾಗಲು. ಲೋಹದ ಪೈಪಿಗೆ ನಾವು ಐಸೊಪ್ರೊಪೈಲ್ ಆಲ್ಕೋಹಾಲ್ ಹಾಯಿಸಿದೆವು. ಹೊರಗೆ ಬರುವುದು ಬಿಳಿ ಬಟ್ಟೆಯ ಮೇಲೆ ಕಲೆ ಬಿಡದಷ್ಟು ಶುದ್ಧವಾಗುವವರೆಗೆ ಹಾಯಿಸಿ, ಗಾಳಿ ಹೊಡೆದು ಒಣಗಿಸಿದೆವು. ಕಂಪ್ರೆಸರಿನ ಗಾಳಿಯಲ್ಲೂ ಎಣ್ಣೆಯ ಹನಿ ಬರುತ್ತದೆ, ಹಾಗಾಗಿ ಫಿಲ್ಟರ್ ಇರುವ ಲೈನ್ ಬಳಸಿದೆವು. ಕೊನೆಗೆ ಹೊಸ ಬ್ರೇಕ್ ಆಯಿಲ್ ಒಮ್ಮೆ ಹಾಯಿಸಿ ಅದನ್ನೂ ಚೆಲ್ಲಿದೆವು.

ಜೋಡಿಸುವಾಗ ಸಿಲಿಂಡರಿನ ಒಳಗೆ ಹಚ್ಚಿದ್ದು ಹೊಸ ಬ್ರೇಕ್ ಆಯಿಲ್ ಮಾತ್ರ. ಸಾದಾ ಗ್ರೀಸ್ ಅಲ್ಲಿಗೆ ಹೋಗಕೂಡದು.

ಡಬ್ಬಿಗೆ ಡಾಟ್ 3 ತುಂಬಿಸಿದೆವು, ಈ ಗಾಡಿಗೆ ಅದೇ. ಡಾಟ್ 4 ಹಾಕಿದರೂ ರಬ್ಬರಿಗೆ ತೊಂದರೆ ಇಲ್ಲ. ಹೊಸ ಡಾಟ್ 3 ಕುದಿಯುವುದು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ನಲ್ಲಿ. ತೇವ ಹೀರಿ ಹಳತಾದರೆ ಅದು 140ಕ್ಕೆ ಇಳಿಯುತ್ತದೆ. ಡಾಟ್ 4ರಲ್ಲಿ ಇವೇ ಅಂಕಿಗಳು 230 ಮತ್ತು 155. ಡಾಟ್ 5 ಮಾತ್ರ ಸಿಲಿಕೋನ್ ಜಾತಿ, ಅದನ್ನು ಇದರ ಜೊತೆ ಬೆರೆಸಬಾರದು. ಬಾಯಿ ತೆರೆದಿಟ್ಟ ಹಳೆಯ ಡಬ್ಬಿಯ ಆಯಿಲ್ ಯಾವುದೂ ಬೇಡ, ಅಷ್ಟರಲ್ಲಿ ಅದು ತೇವ ಕುಡಿದಿರುತ್ತದೆ.

ಏರ್ ತೆಗೆಯುವಾಗ ಪೂರ್ತಿ ಖಾಲಿಯಾದ ಸಾಲು ಬಹಳ ಸತಾಯಿಸುತ್ತದೆ. ಗುಳ್ಳೆಗಳು ಮೇಲಕ್ಕೆ ಹೋಗಲು ನೋಡುತ್ತವೆ, ನಾವು ಪೆಡಲ್ ಒತ್ತಿ ಅವನ್ನು ಕೆಳಕ್ಕೆ ತಳ್ಳುತ್ತೇವೆ. ಅದಕ್ಕೆ ಮೊದಲು ಉಲ್ಟಾ ಮಾಡಿದೆವು. ದೊಡ್ಡ ಸಿರಿಂಜಿನಲ್ಲಿ ಹೊಸ ಆಯಿಲ್ ತುಂಬಿ, ಸ್ಲೇವ್‌ನ ನಿಪ್ಪಲ್ಲಿನಿಂದ ಮೆಲ್ಲಗೆ ಮೇಲಕ್ಕೆ ತಳ್ಳಿದೆವು. ಮೇಲೆ ಡಬ್ಬಿಯಲ್ಲಿ ಗುಳ್ಳೆ ಬರುವುದು ನಿಲ್ಲುವವರೆಗೆ. ಸಿರಿಂಜಿನ ಒಳಗಿನ ರಬ್ಬರಿಗೆ ಹಿಂದೆ ಎಣ್ಣೆ ಮುಟ್ಟಿರಬಾರದು, ಅದಕ್ಕೆ ಹೊಸ ಸಿರಿಂಜೇ ತಂದೆವು. ಆಮೇಲೆ ರೂಢಿಯ ಹಾಗೆ ಇಬ್ಬರು: ಒಬ್ಬ ಪೆಡಲ್ ಒತ್ತಿ ಹಿಡಿಯುತ್ತಾನೆ, ಇನ್ನೊಬ್ಬ ನಿಪ್ಪಲ್ ತೆರೆದು ಮುಚ್ಚುತ್ತಾನೆ, ಮುಚ್ಚಿದ ಮೇಲೆಯೇ ಪೆಡಲ್ ಬಿಡುವುದು. ಪಾರದರ್ಶಕ ಪೈಪಿನ ತುದಿ ಶೀಶೆಯಲ್ಲಿನ ಆಯಿಲ್‌ನಲ್ಲಿ ಮುಳುಗಿರಬೇಕು. ಡಬ್ಬಿ ಖಾಲಿಯಾಗದಂತೆ ನೋಡಿಕೊಳ್ಳಬೇಕು, ಖಾಲಿಯಾದರೆ ಮತ್ತೆ ಮೊದಲಿಂದ.

ಪೇಂಟಿನ ಮೇಲೆ ಬಿದ್ದ ಹನಿಗಳನ್ನು ಒರೆಸದೆ ನೀರು ಸುರಿದು ತೊಳೆದೆವು. ಹಳೆಯ ಆಯಿಲ್ ಮಣ್ಣಿಗೂ ಗಟಾರಕ್ಕೂ ಹೋಗಲಿಲ್ಲ. ಮುಚ್ಚಳ ಇರುವ ಕ್ಯಾನಿನಲ್ಲಿ ತುಂಬಿ, ಮಕ್ಕಳು ದನಗಳಿಗೆ ಸಿಗದ ಹಾಗೆ ಎತ್ತಿಟ್ಟೆವು.

ಪರೀಕ್ಷೆ, ಹಸ್ತಾಂತರ

ಪೆಡಲ್ ನಿಧಾನಕ್ಕೆ ಒತ್ತಿದರೂ ಜೋರಾಗಿ ಒತ್ತಿದರೂ ಈಗ ಒಂದೇ ಜಾಗದಲ್ಲಿ ಕ್ಲಚ್ ಬಿಡುತ್ತಿತ್ತು. ಒತ್ತಿಹಿಡಿದು ಕೂತರೆ ಸ್ಲೇವ್ ರಾಡ್ ಹಿಂದೆ ಸರಿಯಲಿಲ್ಲ. ಎಂಜಿನ್ ಚಾಲೂ ಇಟ್ಟು, ಕ್ಲಚ್ ಒತ್ತಿ, ನಾಲ್ಕೈದು ಸೆಕೆಂಡ್ ಬಿಟ್ಟು ರಿವರ್ಸ್ ಹಾಕಿದರೆ ಸದ್ದಿಲ್ಲದೆ ಬಿತ್ತು.

ಪ್ಲೇಟಿನ ಸಂಶಯ ಉಳಿಯಬಾರದು ಅಂತ ಅದನ್ನೂ ನೋಡಿದೆವು. ಹ್ಯಾಂಡ್‌ಬ್ರೇಕ್ ಎಳೆದು, ಬ್ರೇಕ್ ಒತ್ತಿ, ಮೂರನೇ ಗೇರಿನಲ್ಲಿ ಕ್ಲಚ್ ಮೆಲ್ಲಗೆ ಬಿಟ್ಟರೆ ಎಂಜಿನ್ ತಕ್ಷಣ ನಿಂತುಹೋಯಿತು. ಪ್ಲೇಟ್ ಹಿಡಿಯುತ್ತಿದೆ ಅಂತ ಅರ್ಥ. ಈ ಪರೀಕ್ಷೆಯನ್ನು ಮತ್ತೆ ಮತ್ತೆ ಮಾಡಿದರೆ ಪ್ಲೇಟ್ ಸುಡುತ್ತದೆ. ಆಮೇಲೆ ಗಾಡಿಯನ್ನು ಖಾಲಿ ಅಲ್ಲ, ಜನರನ್ನು ಕೂರಿಸಿಕೊಂಡು ಅದೇ ವಂಟಮುರಿ ಏರಿಗೆ ಬಿಟ್ಟೆವು. ಮೇಲೆ ನಿಲ್ಲಿಸಿ ನಿಪ್ಪಲ್ ತೆರೆದರೆ ಆಯಿಲ್ ತೊಟ್ಟಿಕ್ಕಿತು, ಚಿಮ್ಮಲಿಲ್ಲ. ಒತ್ತಡ ಸಿಕ್ಕಿಬೀಳುತ್ತಿಲ್ಲ.

ಒಂದು ಮಾತು ಮಾಸ್ತರರಿಗೆ ಬಿಡಿಸಿ ಹೇಳಿದೆ. ಎಷ್ಟು ದಿನ ಅರ್ಧ ಬಿಟ್ಟ ಸ್ಥಿತಿಯಲ್ಲಿ ಗಾಡಿ ಓಡಿದೆಯೋ ಅಷ್ಟು ಪ್ಲೇಟ್ ಸವೆದಿದೆ, ಬೇರಿಂಗ್ ಕೂಡ ಸುಮ್ಮನೆ ತಿರುಗಿದೆ. ಇವತ್ತು ಎರಡೂ ಚೆನ್ನಾಗಿವೆ. ಪೆಡಲ್ ಒತ್ತಿದಾಗ ಗರ್‌ರ್ ಅನ್ನುವ ಸದ್ದು ಬಂದರೆ ಅದು ಬೇರಿಂಗ್. ಆಗ ಗೇರ್‌ಬಾಕ್ಸ್ ಇಳಿಸೋಣ, ಅದಕ್ಕಿಂತ ಮುಂಚೆ ಬೇಡ.

ಡ್ರೈವರ್ ಹುಡುಗ ಗಾಡಿ ಒಯ್ಯಲು ಬಂದಿದ್ದ. ಅವನಿಗೆ ಸೀಲ್ ಒಡೆಯದ ಬ್ರೇಕ್ ಆಯಿಲ್‌ನ ಸಣ್ಣ ಡಬ್ಬಿ ಕೊಟ್ಟು, ಸೀಟಿನ ಕೆಳಗೆ ಇಡಲು ಹೇಳಿದೆ. ಮಟ್ಟ ಇಳಿದರೆ ತುಂಬಿಸು, ಆದರೆ ಆ ದಿನವೇ ಫೋನ್ ಮಾಡು ಅಂದೆ. ಮೊಹರು ಒಡೆದ ಡಬ್ಬಿಯಲ್ಲಿ ಉಳಿದದ್ದನ್ನು ಮುಂದಿನ ವರ್ಷಕ್ಕೆ ಇಡಬೇಡ ಅಂತಲೂ ಹೇಳಿದೆ. ಕ್ಲಚ್ ಡಬ್ಬಿಯ ಮೇಲೆ ಬಿಳಿ ಪೇಂಟಿನಲ್ಲಿ ಕನ್ನಡದಲ್ಲೇ "ಬ್ರೇಕ್ ಆಯಿಲ್ ಮಾತ್ರ" ಅಂತ ಬರೆದುಕೊಟ್ಟೆವು. ಮುಚ್ಚಳದ ಮೇಲೆ ಕಂಪನಿ ಬರೆದದ್ದು ಇಂಗ್ಲಿಷಿನಲ್ಲಿತ್ತು, ಅದನ್ನು ಅವನು ಓದಿರಲಿಲ್ಲ.

ಸ್ವಲ್ಪ ದಿನ ಓಡಿಸಿದ ಮೇಲೆ ಗಾಡಿ ಮತ್ತೆ ತರಿಸಿಕೊಂಡೆವು. ಪೈಪಿನಲ್ಲಿ ಎಲ್ಲೋ ಎಣ್ಣೆ ಉಳಿದಿದ್ದರೆ ಅಷ್ಟು ಹೊತ್ತಿಗೆ ಬಿಟ್ಟುಕೊಂಡಿರುತ್ತದೆ. ಮಟ್ಟ ಇಳಿದಿರಲಿಲ್ಲ, ಬೂಟ್ ಒಣಗಿತ್ತು, ಆಯಿಲ್ ತಿಳಿಯಾಗಿತ್ತು, ಲೋಟದ ನೀರಿನಲ್ಲಿ ಪೂರ್ತಿ ಬೆರೆಯಿತು. ಆದರೂ ಒಮ್ಮೆ ಪೂರ್ತಿ ಹೊರಹಾಕಿ ಹೊಸದು ತುಂಬಿಸಿದೆವು. ಎರಡು ವರ್ಷಕ್ಕೊಮ್ಮೆ, ಮಳೆಗಾಲ ಮುಗಿದ ಮೇಲೆ, ಬ್ರೇಕಿನದ್ದೂ ಕ್ಲಚ್ಚಿನದ್ದೂ ಒಟ್ಟಿಗೇ ಬದಲಿಸುವುದು ಅಂತ ಮಾಸ್ತರರು ತಮ್ಮ ಗಾಡಿಯ ವಹಿಯಲ್ಲಿ ಬರೆದುಕೊಂಡರು.